ನೀರುಗಾರರ ಪಾಠ

ಅಟ್ಟೂರು ಕೆರೆಯ ನೀರುಗಾರ ಚಿಕ್ಕಮಾರಯ್ಯನಿಗೆ ಹೊಟ್ಟೆಕಿಚ್ಚು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಪಕ್ಕದ ಮನೆಯ ಸೋರೆಬಳ್ಳಿ ಎರಡು ಕಾಯಿ ಹೆಚ್ಚಿಗೆ ಬಿಟ್ಟರೂ ಅವತ್ತು ಅವನಿಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಾಗೆಂದು ಕೆಟ್ಟ ಮನುಷ್ಯನಲ್ಲ. ಯಾರ ಬಳ್ಳಿಯನ್ನೂ ಕೀಳಲು ಹೋದವನಲ್ಲ, ಯಾರ ಗದ್ದೆಗೂ ಒಂದು ಗಳಿಗೆ ನೀರು ಕಡಿಮೆ ಬಿಟ್ಟವನಲ್ಲ. ಕೆರೆಯ ತೂಬು ಎತ್ತುವುದು, ಮುಚ್ಚುವುದು, ಸರದಿ ನೋಡಿ ಒಬ್ಬೊಬ್ಬರ ಗದ್ದೆಗೆ ಕಾಲುವೆ ತಿರುಗಿಸುವುದು ಅವನ ಮನೆತನದ ಕೆಲಸ. ಆ ಕೆಲಸದಲ್ಲಿ ಅವನ ಕೈ ಎಂದೂ ತಪ್ಪಿರಲಿಲ್ಲ. ಹೊಟ್ಟೆಕಿಚ್ಚೊಂದನ್ನು ಮಾತ್ರ ಒಳಗಿಟ್ಟುಕೊಂಡು ತಾನೇ ಬೇಯುತ್ತಿದ್ದ.

ಇತ್ತೀಚೆಗೆ ಅದು ಮಗಳ ಪುಸ್ತಕದ ಕಡೆಗೆ ತಿರುಗಿತ್ತು. ಹೆಂಡತಿ ಬೈರಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಮೂವರು: ಅವನು, ಅವನ ತಾಯಿ ಮುನಿಯಲ್ಲಮ್ಮ, ಒಬ್ಬಳೇ ಮಗಳು ಪಟಾಲಮ್ಮ. ಹುಡುಗಿ ಯಲಹಂಕದ ಮಿಡ್ಲ್ ಸ್ಕೂಲಿನಲ್ಲಿ ಏಳನೇ ಕ್ಲಾಸು. ಕೇರಿಯಿಂದ ಅಷ್ಟು ದೂರ ಓದಿದ ಮೊದಲ ಹೆಣ್ಣುಮಗಳು. ಸಂಜೆ ಅವಳು ಜೋರಾಗಿ ಚರಿತ್ರೆ ಓದುತ್ತಿದ್ದರೆ ಇವನು ಬೀಡಿ ಕಚ್ಚಿಕೊಂಡು ಕೇಳುವನು. ಆ ದೊರೆ ಕೆರೆ ಕಟ್ಟಿಸಿದ, ಈ ದೊರೆ ಸಾಲುಮರ ನೆಡಿಸಿದ.

"ಕೆರೆ ಕಟ್ಟಿಸ್ದ, ಸರಿ. ತೂಬು ಎತ್ತಿದೋನ್ಯಾರು? ಅದ್ನ ಬರ್ದಿಲ್ವಾ?" ಎಂದು ಒಮ್ಮೆ ಕೇಳಿದ.

"ಇಲ್ಲ ಕಣಪ್ಪಾ. ಅದು ಪರೀಕ್ಸೆಗೆ ಬರಾಕಿಲ್ಲ."

ಪರೀಕ್ಷೆಗೆ ಬಾರದ ಮನುಷ್ಯನಾಗಿ ಅವನು ಬೀಡಿ ಆರಿಸಿ ಎದ್ದುಹೋದ. ಕೆರೆಯ ಏರಿಯ ಮೇಲೆ ಪಟೇಲರು ನೆಡಿಸಿದ ಕಲ್ಲೊಂದಿತ್ತು. ಹಿಂದೆ ಕೆರೆ ಕೋಡಿ ಮೀರಿ ಏರಿ ಒಡೆಯುವಂತಾದಾಗ ಪಟೇಲರ ಅಜ್ಜ ಗಂಗಮ್ಮನಿಗೆ ಕೋಣ ಕೊಟ್ಟು ಊರು ಉಳಿಸಿದ ಸಂಗತಿಯನ್ನು ಅದರಲ್ಲಿ ಕೆತ್ತಿದ್ದರು. ಅವತ್ತು ನೀರಿಗಿಳಿದು ತೂಬಿನ ಗೂಟ ಕಿತ್ತವನು ಚಿಕ್ಕಮಾರಯ್ಯನ ತಾತ. ಅವನ ವಿಷಯ ಕಲ್ಲಿನಲ್ಲಿ ಇರಲಿಲ್ಲ. ಕೋಣ ಇತ್ತು.

ಅರವತ್ನಾಲ್ಕನೇ ಇಸವಿ, ಸಂಕ್ರಾಂತಿ ಕಳೆದ ವಾರ. ಚಿಕ್ಕಮಾರಯ್ಯ ಕಾಲುವೆಯಲ್ಲಿ ಕೈಕಾಲು ತೊಳೆಯುತ್ತಿದ್ದಾಗ ಪಟಾಲಮ್ಮ ಸ್ಕೂಲಿನಿಂದ ಓಡೋಡಿ ಬಂದಳು.

"ಅಪ್ಪಾ, ಸನಿವಾರ ಬೆಳಿಗ್ಗೆ ನೀನು ಸ್ಕೂಲ್ಗೆ ಬರ್ಬೇಕು. ಎಲ್ರ ಮನೆಯೋರ್ನೂ ಕರೀರಿ ಅಂದವ್ರೆ ಎಂಕಟಸ್ವಾಮಿ ಮೇಷ್ಟ್ರು. ನಾನು ಮಾತಾಡ್ತೀನಿ. ನೀಗ್ರೋರ ಪಾಠ."

"ಯಾರ್ ಪಾಠ?"

"ನೀಗ್ರೋರ್ದು. ಅವ್ರು ಪಟ್ಟ ಕಷ್ಟ, ಅವ್ರ ತಾತ ಮುತ್ತಾತ್ರ ಕಾಲ್ದಿಂದ ಅವ್ರ್ಗಾದ ಅನ್ಯಾಯ, ಎಲ್ಲಾ ಮೇಷ್ಟ್ರು ಏಳ್ಕೊಟ್ಟವ್ರೆ. ಏಳ್ತಾ ಏಳ್ತಾ ಅವ್ರ ಕಣ್ಣಾಗೆ ನೀರು ಬಂದ್ಬಿಡ್ತು!"

ಹುಟ್ಟಿದಾಗಿನಿಂದ ಕೇಳದ ಮಾತನ್ನು ಕೇಳಿದ ಕಿವಿ, ತನಗೆ ಗೊತ್ತಿರುವ ಮಾತನ್ನು ಹುಡುಕಿಕೊಂಡಿತು. ನೀರ್ಗಾರ್ರ ಪಾಠ! ಚಿಕ್ಕಮಾರಯ್ಯ ಒದ್ದೆ ಕಾಲಿನಲ್ಲಿ ಹಾಗೆಯೇ ನಿಂತುಬಿಟ್ಟ. ಯಶವಂತಪುರದಿಂದ ರೈಲಿನಲ್ಲಿ ಬಂದುಹೋಗುವ ಆ ಎಳೆಯ ಮೇಷ್ಟ್ರಿಗೆ ನೀರುಗಾರರ ಕಷ್ಟ ಯಾರು ಹೇಳಿದರೋ, ಅವರ ಹೊಟ್ಟೆ ತಣ್ಣಗಿರಲಿ. ಹೆಚ್ಚು ಕೇಳಿದರೆ ಸಂತೋಷ ಮುಖದಲ್ಲಿ ಕಂಡುಬಿಡುತ್ತದೆಂದು, "ಬತ್ತೀನಿ ನಡಿ" ಎಂದಷ್ಟೇ ಹೇಳಿದ.

ಮಗಳ ಎದುರು ಮುಚ್ಚಿಟ್ಟ ಸಂತೋಷವನ್ನು ಊರಿಗೆಲ್ಲ ಹಂಚಿದ. ಟೀ ಅಂಗಡಿಯ ದಾಸಪ್ಪನಿಗೆ ಹೇಳಿದ. ಕಾಲುವೆಯುದ್ದಕ್ಕೂ ಸಿಕ್ಕಿದವರಿಗೆಲ್ಲ ಹೇಳಿದ. "ನಮ್ದೂ ಪಾಠ ಆಗೈತೆ ಕಣ್ರಪ್ಪೋ, ಪುಸ್ತಕ್ದಾಗೆ." ಜೀವಮಾನದಲ್ಲಿ ಮೊದಲ ಸಲ ಬೇರೆಯವರಿಗೆ ತನ್ನ ಮೇಲೆ ಹೊಟ್ಟೆಕಿಚ್ಚು ಬರುತ್ತಿದೆ ಎನ್ನಿಸಿ, ಅದರ ರುಚಿಗೆ ಅವನು ನಾಲ್ಕು ದಿನ ಮೈಮರೆತ.

ಶನಿವಾರ ಬೆಳಿಗ್ಗೆ ಒಗೆದ ಪಂಚೆ ಉಟ್ಟು, ಬಿಳಿ ಪೇಟ ಸುತ್ತಿ ಸ್ಕೂಲಿಗೆ ಹೋದ. ಜೊತೆಗೆ ದಾಸಪ್ಪನೂ ಅಂಗಡಿ ಮುಚ್ಚಿ ಬಂದಿದ್ದ. ಒಳಗೆ ಪಟೇಲರಿಗೂ ಅವರ ಹೆಂಡತಿಗೂ ಕುರ್ಚಿ, ಉಳಿದವರಿಗೆ ಜಮಖಾನ. ಚಿಕ್ಕಮಾರಯ್ಯ ಅಭ್ಯಾಸದಂತೆ ಜಗಲಿಯಲ್ಲಿ ಕಿಟಕಿಯ ಹತ್ತಿರ ನಿಂತ. ಕಪ್ಪುಹಲಗೆಗೆ ಒಂದು ಬಣ್ಣದ ಚಿತ್ರ ಚುಚ್ಚಿದ್ದರು. ಸಾವಿರಾರು ಕಪ್ಪು ಜನ ಸಾಲಾಗಿ ನಡೆಯುತ್ತಿದ್ದಾರೆ, ಎಲ್ಲರೂ ಇಸ್ತ್ರಿ ಮಾಡಿದ ಕೋಟು ತೊಟ್ಟಿದ್ದಾರೆ. ನಮ್ಮವರು ಯಾವಾಗ ಕೋಟು ಹಾಕಿದರು ಎಂದು ಅವನಿಗೆ ಒಂದಿಷ್ಟು ಗಲಿಬಿಲಿಯಾಯಿತು.

ಪಟಾಲಮ್ಮ ಎದ್ದು ನಿಂತಳು. ಎರಡು ಜಡೆ, ಕೈಯಲ್ಲಿ ಚೀಟಿಯೂ ಇಲ್ಲ.

"ಅಮೆರಿಕ ಎಂಬ ದೇಶದಲ್ಲಿ ನೀಗ್ರೋ ಜನರಿದ್ದಾರೆ," ಎಂದು ಶುರುಮಾಡಿದಳು.

ಅಮೆರಿಕದಲ್ಲೂ ನೀರುಗಾರರಿದ್ದಾರೆಯೇ! ಇರಬೇಕಲ್ಲ, ಕೆರೆ ಇದ್ದಲ್ಲಿ ತೂಬು ಎತ್ತುವವನು ಬೇಕೇ ಬೇಕು. ಚಿಕ್ಕಮಾರಯ್ಯನ ಎದೆ ಉಬ್ಬಿತು. ಆದರೆ ಹಡಗು ಬಂತು. ಸಂಕೋಲೆ ಬಂತು. ಹತ್ತಿಯ ಹೊಲ ಬಂತು. ಕೆರೆ ಬರಲೇ ಇಲ್ಲ. ಅವನು ಕಿಟಕಿಗೆ ಕಿವಿಯಿಟ್ಟು ಕಾದ. ಮುಂದಿನ ಮಾತಿನಲ್ಲಿ ಬಂದೀತು, ಅದರ ಮುಂದಿನದರಲ್ಲಿ ಬಂದೀತು.

ದಾಸಪ್ಪ ಪಕ್ಕೆಗೆ ತಿವಿದ. "ಲೇ ಚಿಕ್ಕ, ಇದು ನಿಂದಲ್ಲ ಕಣೋ. ಆಫ್ರಿಕಾದಿಂದ ಇಡ್ಕೊಂಡೋದ ಜನದ್ದು. ನೀಗ್ರೋ, ನೀಗ್ರೋ! ನೀರ್ಗಾರ ಅಲ್ಲ!" ಎಂದು ಬಾಯಿಗೆ ಟವೆಲ್ ಅಡ್ಡ ಹಿಡಿದು ನಗತೊಡಗಿದ.

ಚಿಕ್ಕಮಾರಯ್ಯನಿಗೆ ತಲೆಯ ಪೇಟ ಭಾರವಾಯಿತು. ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ.

ಒಳಗೆ ಮಗಳು ಹೇಳುತ್ತಲೇ ಇದ್ದಳು. ತಾಯಿಯ ಮಡಿಲಿನಿಂದ ಮಗುವನ್ನು ಕಿತ್ತು ಸಂತೆಯಲ್ಲಿ ಮಾರುತ್ತಿದ್ದರಂತೆ. ಈಗಲೂ ಬಿಳಿಯರಿಗೆ ಒಂದು ನಲ್ಲಿ, ಕರಿಯರಿಗೆ ಬೇರೆ ನಲ್ಲಿಯಂತೆ. ಅವಳ ಕೆನ್ನೆಯ ಮೇಲೆ ನೀರು ಇಳಿಯಿತು. ಜಮಖಾನದ ಮೇಲಿದ್ದ ಹೆಂಗಸರು ಲೊಚಗುಟ್ಟಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಪಟೇಲರ ಹೆಂಡತಿ ಸೆರಗಿನ ತುದಿ ಕಣ್ಣಿಗೊತ್ತಿ, "ಎಂಥಾ ಕಟುಕರು ಕಣೇ, ಎಳೇ ಮಗೂನೇ ಮಾರ್ತಿದ್ರಂತಲ್ಲ" ಎಂದರು. ಕಳೆದ ಸುಗ್ಗಿಯಲ್ಲಿ ಚಿಕ್ಕಮಾರಯ್ಯನ ಪಾಲಿನ ರಾಗಿಯನ್ನು ಅವನ ಕೈಗೆ ಕೈ ತಾಕೀತೆಂದು ಮೇಲಿನಿಂದ ಸುರಿದ ಹೆಂಗಸು ಅವರೇ.

ಆಗ ಬಂದ ಹೊಟ್ಟೆಕಿಚ್ಚಿಗೆ ಸೋರೆಕಾಯಿಯ ಹೊಟ್ಟೆಕಿಚ್ಚು ಯಾವ ಲೆಕ್ಕ! ಏಳು ಸಮುದ್ರದಾಚೆಯ ಜನಕ್ಕೆ ಇಲ್ಲಿ ಪಾಠ ಉಂಟು, ಬಣ್ಣದ ಚಿತ್ರ ಉಂಟು, ಮೇಷ್ಟ್ರ ಕಣ್ಣೀರು ಉಂಟು, ಪಟೇಲರ ಹೆಂಡತಿಯ ಸೆರಗೂ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ ಅವನ ಮಗಳ ಕಣ್ಣೀರು ಅವರಿಗೆ ಹೋಗಿತ್ತು. ಅವಳಪ್ಪ ಮೂವತ್ತು ವರ್ಷ ಕೆಸರಿನಲ್ಲಿ ನಿಂತದ್ದಕ್ಕೆ ಅವಳು ಒಂದು ಸಲವಾದರೂ ಹೀಗೆ ಅತ್ತಿದ್ದಳೇ? ಆ ಮಗು ಮಾರಿದ ಮಾತು ಅವನ ಕರುಳಿಗೂ ತಾಕಿತ್ತು. ಪಟಾಲಮ್ಮನನ್ನು ಯಾರಾದರೂ ಹಾಗೆ ಎಳೆದುಕೊಂಡು ಹೋದರೆ ಎಂದು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಆದರೆ ಅಯ್ಯೋ ಎನ್ನಲು ಬಾಯಿ ತೆರೆದರೆ ಹೊಟ್ಟೆಕಿಚ್ಚೇ ಮೊದಲು ಬಂದು ನಿಲ್ಲುತ್ತಿತ್ತು.

ಚಪ್ಪಾಳೆಯಾಯಿತು. ಮಾತಾಡಿ ಗಂಟಲೊಣಗಿದ ಪಟಾಲಮ್ಮ ಜಗಲಿಯ ಮೂಲೆಯ ನೀರಿನ ಹಂಡೆಯ ಹತ್ತಿರ ಬಂದಳು. ಜವಾನ ಲೋಟದಲ್ಲಿ ನೀರು ಮೊಗೆದು, ಲೋಟವನ್ನು ಎತ್ತರಕ್ಕೆ ಎತ್ತಿದ. ಅವಳು ದಿನದ ಅಭ್ಯಾಸದಂತೆ ಬಗ್ಗಿ ಬೊಗಸೆಯೊಡ್ಡಿ ಕುಡಿದಳು. ಉಳಿದ ಮಕ್ಕಳು ಲೋಟ ಹಿಡಿದು ಕುಡಿಯುತ್ತಿದ್ದರು. ಅವಳಿಗೆ ಅದರಲ್ಲಿ ಏನೂ ಕಾಣಲಿಲ್ಲ. ಬಾಗಿಲಲ್ಲಿ ನಿಂತು ಪಟೇಲರನ್ನು ಬೀಳ್ಕೊಡುತ್ತಿದ್ದ ಮೇಷ್ಟ್ರಿಗೂ ಕಾಣಲಿಲ್ಲ.

"ಮೇಷ್ಟ್ರೇ," ಎಂದ ಚಿಕ್ಕಮಾರಯ್ಯ. ಕಾಲುವೆಯ ಆ ತುದಿಗೆ ಕೂಗಿ ಅಭ್ಯಾಸವಾದ ದನಿ, ಎಲ್ಲರೂ ತಿರುಗಿದರು. "ಆ ದೇಸ್ದಾಗೆ ಅವ್ರಿಗೆ ಬ್ಯಾರೆ ನಲ್ಲಿ ಮಡಗವ್ರೆ ಅಂದ್ಲಲ್ಲ ನನ್ ಮಗ್ಳು, ದಿಟ್ವಾ?"

"ನಿಜ ಕಣ್ರೀ. ಎಷ್ಟು ಅನ್ಯಾಯ ನೋಡಿ."

"ಪುಣ್ಯವಂತ್ರು ಬುಡಿ. ಅವ್ರ್ಗೆ ನಲ್ಲೀನಾದ್ರೂ ಐತೆ."

ಮೇಷ್ಟ್ರ ಕಣ್ಣು ಅವನ ಮುಖದಿಂದ ಹುಡುಗಿಯ ಬೊಗಸೆಗೆ, ಅಲ್ಲಿಂದ ಜವಾನ ಎತ್ತಿ ಹಿಡಿದ ಲೋಟಕ್ಕೆ ಹೋಯಿತು. "ಏನೋ ಅದು, ಸಮಯ ಸಂದರ್ಭ ಇಲ್ವೇನೋ ನಿಂಗೆ," ಎಂದು ಪಟೇಲರು ಗದರಿಕೊಂಡೇ ಮೆಟ್ಟಿಲಿಳಿದರು. ಪಟಾಲಮ್ಮನ ಕೈಯ ನೀರು ಬೆರಳ ಸಂದಿಯಿಂದ ಸೋರಿಹೋಯಿತು.

ಅಟ್ಟೂರಿಗೆ ಹೋಗುವ ದಾರಿಯಲ್ಲಿ ಅವಳು ಇಪ್ಪತ್ತು ಮಾರು ಮುಂದೆ ನಡೆದಳು. ಹುಣಸೆಮರದ ಹತ್ತಿರ ತಟ್ಟನೆ ತಿರುಗಿ ನಿಂತಳು.

"ಯಾಕ್ ಬಂದೆ ನೀನು? ಎಲ್ರೂ ಚಪ್ಪಾಳೆ ಒಡೀವಾಗ ಯಾಕ್ ಅಂಗಂದೆ? ಸಂಕೋಲೆ ಆಕಿಸ್ಕೊಂಡೋರ್ ಮ್ಯಾಲೂ ಒಟ್ಟೆಕಿಚ್ಚಾ ನಿಂಗೆ?"

"ಔದು ಕಣವ್ವಾ," ಎಂದ ಚಿಕ್ಕಮಾರಯ್ಯ. ಸುಳ್ಳು ಹೇಳಲು ಅವನಲ್ಲಿ ತ್ರಾಣ ಉಳಿದಿರಲಿಲ್ಲ. "ಒಟ್ಟೆಕಿಚ್ಚೇಯ. ಅವ್ರಿಗೆ ಅಳಾಕೆ ನೀನೂ ಸಿಕ್ದೆ. ನಂಗ್ಯಾರವ್ರೆ?"

ಹುಡುಗಿ ತಿರುಗಿ ನಡೆದಳು. ಮನೆಗೆ ಬಂದು ಅಜ್ಜಿಯ ಪಕ್ಕ ಕುಳಿತು ಗೋಡೆ ನೋಡಿದಳು. ನಾಲ್ಕು ದಿನ ಅಪ್ಪನ ಎದುರು ಪುಸ್ತಕ ಜೋರಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿಕೊಂಡಳು. ಅವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಗುರುವಾರ ಸಂಜೆ ವೆಂಕಟಸ್ವಾಮಿ ಮೇಷ್ಟ್ರು ತಾವಾಗಿಯೇ ಏರಿಯ ಮೇಲೆ ನಡೆದುಕೊಂಡು ಬಂದರು. ಪ್ಯಾಂಟಿನ ತುದಿಗೆಲ್ಲ ಮುಳ್ಳು ಹತ್ತಿತ್ತು. ಕೈಯಲ್ಲಿ ನೋಟುಬುಕ್ಕು. ಚಿಕ್ಕಮಾರಯ್ಯ ಗಾಬರಿಯಿಂದ ಎದ್ದು ನಿಂತರೆ ಅವರೇ ಅವನ ಪಕ್ಕದ ಕಲ್ಲಿನ ಮೇಲೆ ಕೂತರು.

"ನನ್ನಿಂದ ತಪ್ಪಾಯ್ತು ಕಣ್ರೀ. ಅವತ್ತು ನೀವು ಹೇಳಿದ ಮೇಲೆ ಐದು ದಿವಸದಿಂದ ನನಗೆ ಊಟ ಸೇರ್ತಿಲ್ಲ. ಲೋಟದ ವಿಷಯ ಹೆಡ್ ಮಾಸ್ಟರ ಹತ್ರ ಮಾತಾಡಿದ್ದೀನಿ. ನೋಡೋಣ ಅಂದಿದ್ದಾರೆ. ಅಲ್ಲೀತನಕ ನಾನೂ ಆ ಹಂಡೆ ನೀರು ಮುಟ್ಟಲ್ಲ. ಈಗ ನಿಮ್ಮ ಮನೆತನದ ಸಂಗತಿ ಹೇಳಿ. ಸೋಮವಾರ ನಾನೇ ಕ್ಲಾಸಿನಲ್ಲಿ ಪಾಠ ಮಾಡ್ತೀನಿ."

ಚಿಕ್ಕಮಾರಯ್ಯ ಕ್ಷಣ ಹೊತ್ತು ಹಿಂದೆಮುಂದೆ ನೋಡಿದ. ಅಮೆರಿಕದ ಜನದ ಕಷ್ಟ ಹೇಳಿದಾಗ ಆ ಜನ ಆ ಕೋಣೆಯಲ್ಲಿ ಇರಲಿಲ್ಲ. ಅದಕ್ಕೇ ಎಲ್ಲರೂ ಸುಖವಾಗಿ ಅತ್ತರು. ನಮ್ಮದನ್ನು ಹೇಳುವಾಗ ಮಗಳು ಮೂರನೇ ಬೆಂಚಿನಲ್ಲಿ ಕೂತಿರುತ್ತಾಳೆ, ಎಲ್ಲರೂ ತಿರುಗಿ ಅವಳನ್ನೇ ನೋಡುತ್ತಾರೆ. ಬೇಡ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮೇಷ್ಟ್ರು ಪೆನ್ನಿನ ಟೋಪಿ ತೆಗೆದು ಕಾಯುತ್ತಿದ್ದರು. ಅವನ ಮಾತನ್ನು ಬರೆದುಕೊಳ್ಳಲು ಕಾದವರು ಇವರೇ ಮೊದಲು. ಅವನು ಹೇಳಿಬಿಟ್ಟ.

ಎಲ್ಲ ಹೇಳಿದ. ಬಾವಿ ಮುಟ್ಟಬಾರದವರು ಊರಿಗೆಲ್ಲ ನೀರು ಹಂಚುವುದನ್ನು ಹೇಳಿದ. ಒಂದು ಮಟಮಟ ಮಧ್ಯಾಹ್ನ ಏರಿ ಬಿರುಕು ಬಿಟ್ಟು ಕೆಳಗಿನ ಊರೆಲ್ಲ ಗಂಟುಮೂಟೆ ಕಟ್ಟಿದಾಗ, ತಾತ ನಡುವಿಗೆ ಹಗ್ಗ ಸುತ್ತಿಕೊಂಡು ತೂಬಿಗೆ ಇಳಿದ. ಗೂಟ ಕಿತ್ತ. ನೀರು ಕಾಲುವೆಗೆ ನುಗ್ಗಿತು, ಏರಿ ಉಳಿಯಿತು, ಹಗ್ಗ ಮಾತ್ರ ಸಡಿಲವಾಗಿ ಮೇಲೆ ಬಂತು. ಮೂರನೇ ದಿನ ಆಚೆ ಕಡೆಯ ಕಾಲುವೆಯಲ್ಲಿ ತಾತ ಸಿಕ್ಕಿದ. ಮೇಷ್ಟ್ರು ಒಂದಕ್ಷರ ಬಿಡದೆ ಬರೆದುಕೊಂಡರು. ಅವರು ಹೋದ ಮೇಲೆ ಚಿಕ್ಕಮಾರಯ್ಯ ಆ ಕೋಣದ ಕಲ್ಲನ್ನು ನೋಡಿ, ಹೆಂಗೆ ಎಂಬಂತೆ ಮೀಸೆ ತಿರುವಿದ.

ಮಂಗಳವಾರ ಬೆಳಿಗ್ಗೆ ಪಟಾಲಮ್ಮ ಸ್ಕೂಲಿಗೆ ಹೊರಡಲಿಲ್ಲ.

ಮುನಿಯಲ್ಲಮ್ಮ ಬಾಗಿಲ ಮುಂದೆ ರಾಗಿ ಕೇರುತ್ತಿದ್ದಳು. ಹುಡುಗಿ ಪುಸ್ತಕದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊಸಿಲಲ್ಲಿ ಕೂತೇ ಇದ್ದಳು. ಚಿಕ್ಕಮಾರಯ್ಯ ಎರಡು ಸಲ ಕೇಳಿದ ಮೇಲೆ ಬಾಯಿಬಿಟ್ಟಳು.

"ಮೇಷ್ಟ್ರು ನಿನ್ನೆ ನಮ್ ಪಾಠ ಮಾಡಿದ್ರು. ಒಳ್ಳೇದ್ಕೇ ಮಾಡಿದ್ರು, ಚೆನ್ನಾಗೇ ಮಾಡಿದ್ರು. ಕೊನೇಗೆ, ಮಕ್ಳೇ, ನಮ್ ದೇಸ್ದಾಗೂ ನೀಗ್ರೋಗ್ಳು ಅವ್ರೆ ಅಂತ ಅರ್ಥ ಮಾಡ್ಕೊಳಿ ಅಂದ್ರು. ಬೆಲ್ ಒಡೀತು. ಆಗಿಂದ ಎಲ್ಲಾ ನನ್ನ ಏಯ್ ನೀಗ್ರೋ ಅಂತ ಕೂಗ್ತಾವೆ."

ಯಾವ ಜನದ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಟ್ಟಿದ್ದನೋ ಆ ಜನದ ಹೆಸರು ಬಂದು ಅವನ ಮಗಳಿಗೆ ಅಂಟಿಕೊಂಡಿತ್ತು. ಅಂಟಿಸಿದವನು ಮೇಷ್ಟ್ರಲ್ಲ, ತಾನೇ. ಬೇಡ ಎನ್ನಬೇಕಾದ ಹೊತ್ತಿನಲ್ಲಿ ಆಸೆಗೆ ಬಿದ್ದು ಬಾಯಿಬಿಟ್ಟವನು ತಾನು.

"ಬಾ, ನಾನೇ ಬತ್ತೀನಿ ಸ್ಕೂಲ್ಗೆ. ಅಂದೋರ ಎಸ್ರು ಏಳು."

"ಅದು ಬುಡಪ್ಪ, ಅಂದ್ಕೊಳ್ಲಿ. ಆ ಜನ ಏನ್ ಕಳ್ರಾ? ಅವ್ರೆಸ್ರು ಕೂಗಿದ್ರೆ ನಂಗೇನೂ ಬ್ಯಾಸ್ರ ಇಲ್ಲ." ಅವಳು ಚೀಲದ ದಾರ ಬಿಗಿಯಾಗಿ ಹಿಡಿದುಕೊಂಡಳು. "ಪಟೇಲ್ರ ಮಗ್ಳು ಇನ್ನೊಂದ್ ಅಂದ್ಲು. ನಮ್ ಮುತ್ತಾತನ ಎಸ್ರು ಕಲ್ಲಾಗೈತೆ. ನಿಮ್ಮೋನ ಎಸ್ರೇನು, ಏಳು ನೋಡಾನ ಅಂದ್ಲು. ಮೇಷ್ಟ್ರ ನೋಟ್ಬುಕ್ನಾಗೆ ಬರೀ 'ಒಬ್ಬ ನೀರುಗಾರ' ಅಂತೈತೆ. ಎಸ್ರೇ ಇಲ್ದೋನು ಇದ್ದ ಅಂತ ಎಂಗ್ ನಂಬೋದು, ಕಟ್ಟುಕತೆ ಅಂದ್ಬುಟ್ಲು. ನಂಗೆ ಏಳಾಕೆ ಬರ್ಲಿಲ್ಲ. ಏನಪ್ಪಾ ಅವ್ನ ಎಸ್ರು?"

ಚಿಕ್ಕಮಾರಯ್ಯ ಬಾಯಿ ತೆರೆದ. ತಾತ ಸತ್ತಾಗ ಅವನಿನ್ನೂ ಹುಟ್ಟಿರಲಿಲ್ಲ. ಅಪ್ಪ ಪ್ಲೇಗಿನಲ್ಲಿ ಹೋದಾಗ ಅವನಿಗೆ ಎರಡು ವರ್ಷ. ಊರವರೆಲ್ಲ ಆ ತಾತನನ್ನು ನೀರುಗಾರ, ಹಳೇ ನೀರುಗಾರ ಎಂದೇ ಕರೆದದ್ದು. ಮೇಷ್ಟ್ರಿಗೆ ಹಗ್ಗ, ಗೂಟ, ಬಿರುಕು, ಮೂರನೇ ದಿನ ಎಲ್ಲ ಹೇಳಿದ್ದ. ಹೆಸರು ಹೇಳಬೇಕೆಂದು ಹೊಳೆದೇ ಇರಲಿಲ್ಲ. ನಲವತ್ತೈದು ವರ್ಷ ಕಲ್ಲಿನ ಮೇಲೆ ಉರಿದುಕೊಂಡವನಿಗೆ ಅಲ್ಲಿ ಕೆತ್ತಬೇಕಾದ ಹೆಸರೇ ಗೊತ್ತಿರಲಿಲ್ಲ.

"ಅವ್ವಾ," ಎಂದು ತಾಯಿಯ ಕಡೆ ತಿರುಗಿದ. "ನಿಮ್ ಮಾವನ ಎಸ್ರು ಏನವ್ವಾ?"

ಮುನಿಯಲ್ಲಮ್ಮ ಮೊರ ಕೆಳಗಿಟ್ಟು ಕೆನ್ನೆಗೆ ಬಡಿದುಕೊಂಡಳು. "ಸಿವ್ನೇ! ಮಾವನ ಎಸ್ರ ಸೊಸೆ ಬಾಯಾಗೆ ತರ್ತಾರಾ? ಈ ಮನೆ ಒಸ್ಲು ತುಳ್ದಾಗಿಂದ ನಾನು ಆ ಎಸ್ರ ಎತ್ತಿಲ್ಲ."

"ಒಂದೇ ಒಂದ್ ಸಲ, ಅಜ್ಜಿ."

"ಉಹ್ಞೂಂ. ಪಾಪ ಸುತ್ಕೊಳ್ತದೆ."

"ನೀನು ಅವತ್ತು ಅಲ್ಲಿದ್ದಾ?" ಎಂದು ಕೇಳಿದಳು ಪಟಾಲಮ್ಮ.

"ಇದ್ದೆ. ಒಟ್ಟೇಲಿ ನಿಮ್ಮಪ್ಪ ಇದ್ದ. ಅಗ್ಗ ಇಡ್ದಿದ್ದೋರ್ನಾಗೆ ನಾನೂ ಒಬ್ಳು."

"ಅಂಗಾರೆ ಗೊತ್ತಿರೋಳು ನೀನೊಬ್ಳೇ ಅಜ್ಜಿ. ನೀನು ಏಳ್ದೆ ಓದ್ರೆ ಆ ಉಡ್ಗಿ ಅಂದಿದ್ದೇ ದಿಟ ಆಯ್ತದೆ. ಅವ್ನು ಇರ್ಲೇ ಇಲ್ಲ ಅಂತಾಯ್ತದೆ."

ಮೊರದಲ್ಲಿದ್ದ ರಾಗಿಯನ್ನು ಕೋಳಿ ಬಂದು ಹೆಕ್ಕಿದರೂ ಮುದುಕಿ ಓಡಿಸಲಿಲ್ಲ. ಕೊನೆಗೆ ಬಲಗೈ ಎತ್ತಿ, ಎದುರಿಗೆ ನಿಂತಿದ್ದ ಮಗನ ಕಡೆ ಬೆರಳು ಮಾಡಿದಳು.

"ನಾನು ಎಸ್ರು ಏಳಾಕಿಲ್ಲ. ನೀನೇ ಏಳ್ಕೊ. ನಿಮ್ಮಪ್ಪನ ಎಸ್ರಾಗೆ ಚಿಕ್ಕದು ಅಂತ ಐತಲ್ಲ, ಅದನ್ನ ತೆಗ್ದಾಕು. ದೊಡ್ಡೋನು ಒಬ್ಬ ಇದ್ದ, ಅದಕ್ಕೇ ಇವ್ನು ಚಿಕ್ಕೋನು. ಅವ್ನು ಓದ ತಿಂಗ್ಳಿಗೆ ಇವ್ನು ಉಟ್ಟಿದ, ಅವ್ನೇ ಬಂದ ಅಂತ ಇಟ್ರು."

ಚಿಕ್ಕಮಾರಯ್ಯನಿಗೆ ಒಂದು ಸಂಗತಿ ಆಗ ಹೊಳೆಯಿತು. ಹೆತ್ತ ತಾಯಿ ಹುಟ್ಟಿದಾರಭ್ಯ ಅವನನ್ನು ಮಗಾ, ಕೂಸೇ ಎಂದು ಕರೆದಿದ್ದಳೇ ಹೊರತು ಒಂದು ದಿನವೂ ಹೆಸರು ಹಿಡಿದು ಕರೆದಿರಲಿಲ್ಲ. ದಾಸಪ್ಪ ಕರೆದಿದ್ದ, ಪಟೇಲರು ಕರೆದಿದ್ದರು, ಊರೆಲ್ಲ ಲೇ ಚಿಕ್ಕ ಎಂದು ಕೂಗಿತ್ತು. ಉಳಿದ ಅರ್ಧವನ್ನು ಯಾರೂ ಕೂಗಿರಲಿಲ್ಲ.

ಪಟಾಲಮ್ಮ ಆಗಲೇ ಚೀಲದಿಂದ ನೋಟುಬುಕ್ಕು ತೆಗೆದಿದ್ದಳು. ಪೆನ್ಸಿಲು ನಾಲಿಗೆಗೆ ತಾಕಿಸಿ, ಒತ್ತಿ ಒತ್ತಿ ಬರೆದಳು.

"ಏನ್ ಬರ್ದೆ?" ಎಂದು ಕೇಳಿದ ಚಿಕ್ಕಮಾರಯ್ಯ.

"ಮಾರಯ್ಯ," ಎಂದು ಅವಳು ಕ್ಲಾಸಿನಲ್ಲಿ ಓದುವಂತೆ ಜೋರಾಗಿ ಓದಿದಳು. "ಅಟ್ಟೂರು ಕೆರೆಯ ನೀರುಗಾರ ಮಾರಯ್ಯ."

ಮುನಿಯಲ್ಲಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮೊಣಕಾಲು ಹಿಡಿದು ಮೆಲ್ಲಗೆ ಎದ್ದು, ಗೋಡೆಯ ಬದಿಗೆ ಸರಿದು ನಿಂತಳು. ಮಾವ ಒಳಗೆ ಬಂದಾಗ ಸೊಸೆ ಹಾಗೆಯೇ ನಿಲ್ಲಬೇಕು. ಚಿಕ್ಕಮಾರಯ್ಯ ಅಳುತ್ತಿದ್ದ. ಮಗಳು ಪುಸ್ತಕ ಮುಚ್ಚಿ, ತನ್ನ ಲಂಗದ ತುದಿಯಿಂದ ಅವನ ಮುಖ ಒರೆಸಿ, ಸ್ಕೂಲಿಗೆ ಹೊತ್ತಾಯಿತೆಂದು ಓಡಿದಳು.